ಏರಿಯ ಮೇಲಿನ ಕೆಂಪು ಕಲ್ಲು

“ಬುದ್ಧಿ, ನನ್ನ ಕೋಪ ಯಾಕೆ ಹೋಗುತ್ತಿಲ್ಲ?” ಎಂದು ಶಿಷ್ಯ ಚನ್ನಮಲ್ಲ ಕೇಳಿದ. ಅವನು ಮಠದ ಪಾಠಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. “ಕೋಪ ಮಾಡಬೇಡ ಎಂದು ನನ್ನ ಕೋಣೆಯ ಗೋಡೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಬರೆದಿದ್ದೇನೆ. ಎದ್ದ ಕೂಡಲೇ ಅದನ್ನೇ ನೋಡುತ್ತೇನೆ. ಪಾಠ ಮಾಡುವಾಗಲೂ ಮನಸ್ಸಿನಲ್ಲಿ ಅದೇ ಇರುತ್ತದೆ. ಆದರೂ ನಿನ್ನೆ ಹಿಂದಿನ ಸಾಲಿನ ಒಂದು ಮಗುವಿನ ಮೇಲೆ ಕೈ ಎತ್ತಿಬಿಟ್ಟೆ. ಇನ್ನೊಮ್ಮೆ ಹೀಗಾದರೆ ನಾನು ಪಾಠ ಹೇಳಲು ಯೋಗ್ಯನಲ್ಲ. ಬಿಡುವುದಕ್ಕೂ ಮನಸ್ಸಿಲ್ಲ.”

“ಬಿಡುವುದು ಸುಲಭ. ಕೂತುಕೋ, ಮಧ್ಯೆ ಬಾಯಿ ಹಾಕಬೇಡ,” ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಚಾಲಕನಿದ್ದ. ಇಪ್ಪತ್ತೆರಡರ ಹರೆಯ. ಹನ್ನೊಂದು ಮಕ್ಕಳನ್ನು ವ್ಯಾನಿನಲ್ಲಿ ಶಾಲೆಗೆ ಬಿಡುವುದು ಅವನ ಕೆಲಸ. ದಾರಿಯಲ್ಲಿ ಒಂದು ಕೆರೆ ಏರಿ, ಏರಿಯ ತಿರುವಿನಲ್ಲಿ ಒಂದು ಕಲ್ಲು. ಒಂದು ದಿನ ಮಳೆಯಲ್ಲಿ ವ್ಯಾನು ಜಾರಿ ಆ ಕಲ್ಲಿಗೆ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಕ್ಕಳು ಕಿರುಚಿದ್ದು ಅವನ ಕಿವಿಯಿಂದ ಹೋಗಲಿಲ್ಲ. ಮರುದಿನ ತಾನೇ ಹೋಗಿ ಕಲ್ಲಿಗೆ ಕೆಂಪು ಬಣ್ಣ ಬಳಿದ. ಮರೆಯಬಾರದಲ್ಲ, ಅದಕ್ಕೆ. ಅದೇ ಮಳೆಗಾಲದಲ್ಲಿ ಇನ್ನೆರಡು ಸಲ ಜಾರಿದ, ಎರಡು ಸಲವೂ ಆ ಕಲ್ಲಿಗೇ ಗುದ್ದಿದ. ಏರಿ ಅಷ್ಟುದ್ದ ಇದೆ, ಇರುವುದು ಒಂದೇ ಕಲ್ಲು. ಪುಣ್ಯಾತ್ಮ ಅದನ್ನೇ ಹುಡುಕಿಕೊಂಡು ಹೋದ.

“ಇವನ ಕೈಗೆ ಇನ್ನು ಮಕ್ಕಳನ್ನು ಕೊಡುವುದಿಲ್ಲ,” ಎಂದರು ಹೆತ್ತವರು. ಬೇರೆಯವನಾಗಿದ್ದರೆ ಕೀಲಿ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಇವನು ಹಟಮಾರಿ. ಒಂದು ವಾರ ಕೊಡಿ, ಕಲಿತು ಬರುತ್ತೇನೆ ಎಂದು ಹೊರಟ.

ಹರೆಯದ ಚಾಲಕರಿಗೆ, ಜಾರುವ ಗಾಡಿಯನ್ನು ಹತೋಟಿಗೆ ತರುವುದು ಹೇಗೆಂದು ಕಲಿಸುವ ಒಬ್ಬ ಮೇಷ್ಟ್ರಿದ್ದರು. ವಿಮಾನ ಇಳಿಯುವುದು ನಿಂತುಹೋದ ಹಳೆಯ ರನ್‌ವೇ ಅವರ ಶಾಲೆ. ಅಲ್ಲಿ ಸೋಪಿನ ನೀರು ಸುರಿದು, ನಡುವೆ ಒಂದು ಖಾಲಿ ಡ್ರಮ್ ಇಟ್ಟು, ವೇಗವಾಗಿ ಬಂದು ಅದಕ್ಕೆ ತಾಗದೆ ದಾಟು ಎನ್ನುತ್ತಿದ್ದರು. ಚಾಲಕ ಎರಡು ದಿನದಲ್ಲಿ ಇಪ್ಪತ್ತು ಸಲ ಗುದ್ದಿದ. ಗಾಬರಿಯಲ್ಲಿ ಬ್ರೇಕ್ ತುಳಿಯುವುದನ್ನು ಬಿಟ್ಟ, ಸ್ಟೇರಿಂಗ್ ಹಿಡಿಯುವುದನ್ನು ತಿದ್ದಿಕೊಂಡ. ಡ್ರಮ್ಮಿಗೆ ಗುದ್ದುವುದು ಮಾತ್ರ ತಪ್ಪಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಮತ್ತೆ ಮತ್ತೆ ಗಾಡಿ ಹತ್ತಿದ.

ಮೂರನೆಯ ದಿನ ಮೇಷ್ಟ್ರು ಹೆಗಲ ಮೇಲಿನ ಟವೆಲ್ ತೆಗೆದುಕೊಂಡು, ಡ್ರಮ್ಮಿನ ಪಕ್ಕದ ದಾರಿಯಲ್ಲೇ ಮುಂದೆ ನಡೆದರು. ದೂರದಲ್ಲಿ, ಒಣಗಿದ ಜಾಗದಲ್ಲಿ, ಒಂದು ಕೋಲು ನಿಲ್ಲಿಸಿ ಟವೆಲ್ ಕಟ್ಟಿ ಬಂದರು.

“ಡ್ರಮ್ ಬಿಡು. ನೀನು ಹೋಗಬೇಕಾದದ್ದು ಅಲ್ಲಿಗೆ. ಟವೆಲ್ ನೋಡಿಕೊಂಡು ಹೋಗು.”

“ಡ್ರಮ್ ನೋಡದೆ ಹೋದರೆ ಗುದ್ದುತ್ತೇನಲ್ಲ ಸರ್?”

“ಇಪ್ಪತ್ತು ಸಲ ನೋಡಿಕೊಂಡೇ ಗುದ್ದಿದ್ದೀಯಲ್ಲಪ್ಪ.”

ಚಾಲಕ ಗಾಡಿ ಬಿಟ್ಟ. ಹಿಂದಿನ ಚಕ್ರ ಜಾರಿತು. ಕಣ್ಣು ಡ್ರಮ್ಮಿನ ಕಡೆಗೇ ಹೊರಳಿತು. ಹಲ್ಲು ಕಚ್ಚಿ ಟವೆಲ್ಲಿನ ಮೇಲೆ ಕಣ್ಣಿಟ್ಟ. ಕಣ್ಣು ಹೋದ ಕಡೆಗೆ ಕೈ ತಿರುಗಿತು, ಕೈ ತಿರುಗಿದ ಕಡೆಗೆ ಗಾಡಿ ಹೋಯಿತು, ಡ್ರಮ್ಮಿಗೆ ತಾಗಲಿಲ್ಲ. ಒಂದು ಸಲಕ್ಕೆ ಅವನು ನಂಬಲಿಲ್ಲ. ವಾರ ಮುಗಿಯುವವರೆಗೂ ಅದನ್ನೇ ಮಾಡಿದ.

ಊರಿಗೆ ಬಂದವನು ಮೊದಲು ಸೀಮೆಎಣ್ಣೆ ಹಾಕಿ ಕಲ್ಲಿನ ಕೆಂಪನ್ನು ಉಜ್ಜಿ ತೆಗೆದ. ಮತ್ತೆ ಮಳೆ ಬಂದ ದಿನ, ನಂಬಿಕೆ ಬಾರದ ಒಬ್ಬ ತಾಯಿ ಮಕ್ಕಳ ಜೊತೆ ತಾನೂ ವ್ಯಾನು ಹತ್ತಿ ಕೂತಳು. ತಿರುವಿನಲ್ಲಿ ವ್ಯಾನು ಜಾರಿತು. ಅವನು ಏರಿ ಇಳಿದು ಶಾಲೆಯ ಕಡೆಗೆ ಹೋಗುವ ರಸ್ತೆಯನ್ನು ನೋಡುತ್ತಿದ್ದ. ವ್ಯಾನು ಒಮ್ಮೆ ಓಲಾಡಿ ಆ ರಸ್ತೆಗೇ ಬಂತು. ಮಕ್ಕಳ ಮಾತು ಕೂಡ ನಿಲ್ಲಲಿಲ್ಲ.

“ಆ ಕಲ್ಲನ್ನು ಕಿತ್ತು ಹಾಕಿದೆಯಾ?” ಎಂದು ತಾಯಿ ಕೇಳಿದಳು.

“ಇಲ್ಲ ಅಕ್ಕ, ಅಲ್ಲೇ ಇದೆ,” ಎಂದ ಚಾಲಕ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ಕೈ ಮುಗಿದು, “ತಿಳಿಯಿತು ಬುದ್ಧಿ, ಇವತ್ತೇ ಗೋಡೆಗೆ ಸುಣ್ಣ ಬಳಿಯುತ್ತೇನೆ,” ಎಂದು ಎದ್ದ.

“ಸುಣ್ಣ ಆಮೇಲೆ ಬಳಿಯುವಿಯಂತೆ,” ಎಂದರು ಗುರುಗಳು, “ಮೊದಲು ರಸ್ತೆ ನೋಡು. ನಿನ್ನೆ ಕೈ ಎತ್ತಿದೆಯಲ್ಲ, ಆ ಮಗುವಿನ ಹೆಸರೇನು?”