ಬೀರುವಿನೊಳಗಿನ ಹಸಿರು ದೀಪ

"ಅಕ್ಕಾ, ನಿಮ್ಮ ಮಾತು ನನ್ನ ಬಳಿ ಇದೆ. ಆದರೆ ಬೇಕಾದ ಹೊತ್ತಿಗೆ ಬರುವುದಿಲ್ಲ. ಯಾಕೆ?" ಎಂದು ಚೆನ್ನವೀರ ಕೇಳಿದ.

ಅಕ್ಕನವರು ಆಶ್ರಮದ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಕಾದ ಹೊತ್ತು ಎಂದರೆ ಯಾವುದು?"

"ಮೊನ್ನೆ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅಡುಗೆಯ ಕಾಶಮ್ಮನ ಮೇಲೆ ರೇಗಿಬಿಟ್ಟೆ. ಅದೂ ಪಂಕ್ತಿಯಲ್ಲಿ, ಎಲ್ಲರೆದುರಿಗೆ. ಸಿಟ್ಟಿನ ಬಗ್ಗೆ ನೀವು ಎಷ್ಟು ಸಲ ಹೇಳಿಲ್ಲ? ಆ ಹೊತ್ತಿಗೆ ಒಂದೂ ಬರಲಿಲ್ಲ. ಕಾಶಮ್ಮ ಈಗ ಊರಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ತಪ್ಪಾಯಿತು ಎನ್ನೋಣವೆಂದು ಹೋದೆ. ಆಗಲೂ ಬಾಯಿಗೆ ಏನೂ ಬರಲಿಲ್ಲ."

"ನಾನು ಹೇಳಿದ್ದನ್ನು ಮರೆತಿರಬೇಕು."

"ಮರೆಯುವುದೆಲ್ಲಿ ಬಂತು ಅಕ್ಕಾ! ಆರು ವರ್ಷದಿಂದ ಒಂದೊಂದು ಮಾತನ್ನೂ ಬರೆದಿಟ್ಟಿದ್ದೇನೆ. ಮೂರು ನೋಟ್‌ಬುಕ್ ತುಂಬಿವೆ. ರೇಷ್ಮೆ ಬಟ್ಟೆ ಸುತ್ತಿ ಜೋಪಾನ ಮಾಡಿದ್ದೇನೆ. ಇಲಿ, ಗೆದ್ದಲು ಯಾವುದೂ ಮುಟ್ಟುವಂತಿಲ್ಲ." ಹೇಳುತ್ತಾ ಅವನು ಕೊರಳ ದಾರದಲ್ಲಿದ್ದ ಸಣ್ಣ ಬೀಗದ ಕೈಯನ್ನು ತಿರುಗಿಸುತ್ತಿದ್ದ. "ಧ್ಯಾನಕ್ಕೆ ಕೂರುವ ಜಾಗ ಬದಲಿಸಿದೆ. ಹೊತ್ತು ಬದಲಿಸಿದೆ. ಒಂದು ಹೊತ್ತಿನ ಊಟ ಬಿಟ್ಟೆ. ಒಬ್ಬರು ಉತ್ತರಕ್ಕೆ ಮುಖ ಮಾಡು ಎಂದರು. ಇನ್ನೊಬ್ಬರು ಪೂರ್ವಕ್ಕೆ ಎಂದರು. ಈಗ ನನಗೆ ಯಾವ ದಿಕ್ಕೂ ತಿಳಿಯುತ್ತಿಲ್ಲ."

"ಕೂತುಕೋ. ನೀನೂ ಎರಡು ಕಾಯಿ ಬಿಡಿಸು" ಎಂದು ಅಕ್ಕನವರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೊಲಿಗೆಯವಳಿದ್ದಳು. ಅವಳಿಗೊಬ್ಬ ತಂಗಿ. ತಂಗಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಅಕ್ಷರವೂ ಅಷ್ಟಕ್ಕಷ್ಟೇ. ಅಕ್ಕ ತಂಗಿ ಚಿಕ್ಕಂದಿನಲ್ಲಿ ಕೈಯಲ್ಲೇ ಒಂದು ಮಾತು ಮಾಡಿಕೊಂಡಿದ್ದರು. ಅದು ಯಾವ ಶಾಲೆಯಲ್ಲೂ ಕಲಿಸುವ ಮಾತಲ್ಲ. ಅಮ್ಮನ ಕಣ್ಣು ತಪ್ಪಿಸಿ ಬೆಲ್ಲ ತಿನ್ನುವಾಗ ಹುಟ್ಟಿದ್ದು. ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ಅದು ತಿಳಿಯುತ್ತಿರಲಿಲ್ಲ.

ತಂಗಿ ಬೇರೆ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸಕ್ಕೆ ಸೇರಿದಳು. ಸಂಜೆ ಆರಕ್ಕೆ ಇಬ್ಬರೂ ಫೋನಿನಲ್ಲಿ ಮುಖ ನೋಡಿಕೊಂಡು ಕೈಯಾಡಿಸುತ್ತಿದ್ದರು. ಹೊಲಿಗೆಯವಳ ಓಣಿಯಲ್ಲಿ ಮೊಬೈಲ್ ಸಿಗ್ನಲ್ಲಿಗೆ ಮಾತು ಬಂದರೂ ಚಿತ್ರ ಬರುತ್ತಿರಲಿಲ್ಲ. ಅದಕ್ಕೆಂದೇ ಮನೆಗೆ ವೈಫೈ ಹಾಕಿಸಿದಳು. ಅದರ ಡಬ್ಬಿಯನ್ನು ಪಡಸಾಲೆಯಲ್ಲಿ, ಹೊಲಿಗೆ ಯಂತ್ರದ ಮೇಲಿನ ಹಲಗೆಯಲ್ಲಿ ಇಟ್ಟಿದ್ದರು. ಎರಡು ವರ್ಷ ಒಂದೂ ತೊಂದರೆ ಇರಲಿಲ್ಲ.

ಆ ವರ್ಷ ಆಯುಧ ಪೂಜೆ ಬಂತು. ಹೊಲಿಗೆಯವಳು ಯಂತ್ರ, ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆ ಎಲ್ಲವನ್ನೂ ಸಾಲಾಗಿ ಇಟ್ಟಳು. ಗಂಡನ ಸ್ಕೂಟರೂ ಬಂತು. ಅವಳಿಗೆ ಡಬ್ಬಿ ನೆನಪಾಯಿತು. ತಂಗಿಯನ್ನು ದಿನಾ ಮನೆಗೆ ಕರೆತರುವುದು ಅದೇ ಅಲ್ಲವೇ? ಇಳಿಸಿ ನೋಡಿದರೆ ಮೈತುಂಬ ಬಟ್ಟೆಯ ನಾರು, ಧೂಳು. ಅವಳಿಗೆ ಕಣ್ಣಲ್ಲಿ ನೀರು ಬಂತು. ಒರೆಸಿ, ವಿಭೂತಿ ಇಟ್ಟು, ಚೆಂಡು ಹೂ ಏರಿಸಿದಳು.

ಪೂಜೆ ಮುಗಿದ ಮೇಲೆ ಅದನ್ನು ಮತ್ತೆ ಧೂಳಿಗೆ ಇಡಲು ಮನಸ್ಸು ಒಪ್ಪಲಿಲ್ಲ. ಒಳಕೋಣೆಯಲ್ಲಿ ಕಬ್ಬಿಣದ ಬೀರು ಇತ್ತು. ಅವಳ ತವರಿನವರು ಕೊಟ್ಟದ್ದು, ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ. ಗಂಡನಿಂದ ಹಿಂದುಗಡೆ ತೂತು ಕೊರೆಸಿ ವೈರು ಒಳಗೆ ತಂದಳು. ರೇಷ್ಮೆ ಸೀರೆಗಳ ಪಕ್ಕದಲ್ಲಿ, ಬೆಳ್ಳಿ ಕುಂಕುಮ ಭರಣಿಯ ಹತ್ತಿರ ಡಬ್ಬಿಯನ್ನು ಕೂರಿಸಿದಳು. ದಿನಾ ಬೆಳಿಗ್ಗೆ ಅತ್ತೆ ಬಾಗಿಲು ತೆಗೆದು ಊದಿನಕಡ್ಡಿ ತೋರಿಸುವುದು, ಮತ್ತೆ ಬಾಗಿಲು ಹಾಕುವುದು. ಒಳಗೆ ಹಸಿರು ದೀಪ ಮಿನುಗುತ್ತಿತ್ತು. ಎಲ್ಲರಿಗೂ ಸಮಾಧಾನವಾಯಿತು.

ಡಬ್ಬಿ ಬೀರು ಸೇರಿದ ಸಂಜೆಯೇ ಫೋನಿನಲ್ಲಿ ತಂಗಿಯ ಕೈ ಗಾಳಿಯಲ್ಲಿ ನಿಂತುಬಿಟ್ಟಿತು.

ಮಾತಾಗಿದ್ದರೆ ತುಂಡು ತುಂಡಾಗಿಯಾದರೂ ಕೇಳಿಸುತ್ತಿತ್ತು. ಕೈಮಾತು ಹಾಗಲ್ಲ. ಎತ್ತಿದ ಕೈ ಇಳಿಯುವವರೆಗೆ ಅರ್ಥವಿಲ್ಲ. ಕೈ ಇಳಿಯುವಾಗಲೇ ಚಿತ್ರ ನಿಲ್ಲುತ್ತಿತ್ತು.

ವಾರ ಕಳೆಯಿತು. ಒಂದು ಸೋಮವಾರ ತಂಗಿ ಹೇಳಿದಳು: ಜೊತೆಯಲ್ಲಿ ಕೆಲಸ ಮಾಡುವ ಒಬ್ಬ ತನ್ನನ್ನು ಮದುವೆಯಾಗುತ್ತೇನೆಂದು ಕೇಳಿದ್ದಾನೆ. ಭಾನುವಾರ ಅವನ ಮನೆಯವರು ಬರುತ್ತಾರೆ. ಅಷ್ಟರಲ್ಲಿ ಹೂಂ ಅಥವಾ ಊಹೂಂ ಹೇಳಬೇಕು. ಅಕ್ಕನನ್ನು ಕೇಳದೆ ಹೇಳಲಾರೆ. ಆ ಮನುಷ್ಯ... ಇಷ್ಟಕ್ಕೆ ಚಿತ್ರ ನಿಂತಿತು. ತಂಗಿಯ ಕೈ ಎದೆಯ ಹತ್ತಿರ ಇತ್ತು. ಹುಬ್ಬು ಮೇಲೇರಿತ್ತು. ಆ ಮನುಷ್ಯ ಏನು? ಒಳ್ಳೆಯವನೋ, ಕೆಟ್ಟವನೋ, ಕುಡಿಯುವವನೋ? ಹೊಲಿಗೆಯವಳು ಆ ನಿಂತ ಹುಬ್ಬನ್ನೇ ನೋಡುತ್ತಾ ಕೂತಳು.

ಮನೆಯಲ್ಲಿ ರಿಪೇರಿ ಶುರುವಾಯಿತು.

ಗಂಡ ತಿಂಗಳ ಪ್ಲಾನನ್ನು ದೊಡ್ಡದು ಮಾಡಿಸಿದ. ನೆರೆಮನೆಯವನು "ಯಾರೋ ಕದ್ದು ಬಳಸುತ್ತಿದ್ದಾರೆ, ಪಾಸ್‌ವರ್ಡ್ ಬದಲಿಸಿ" ಎಂದ. ಬದಲಿಸಿದರು. ಹೊಸದು ಮನೆಯವರಿಗೇ ಮರೆತುಹೋಗಿ ಅರ್ಧ ದಿನ ಹುಡುಕಿದರು. ಅಂಗಡಿಯವನು ಫೋನಿನದೇ ದೋಷ ಎಂದ. ನಾದಿನಿಯ ಫೋನು ತಂದರು, ಅದರಲ್ಲೂ ಕೈ ನಿಂತಿತು. ಕಂಪನಿಗೆ ಫೋನು ಮಾಡಿದರೆ "ಆಫ್ ಮಾಡಿ ಆನ್ ಮಾಡಿ" ಎಂದರು. ಗಂಡ ಗಂಟೆಗೊಮ್ಮೆ ಆಫ್ ಮಾಡಿದ. ಅದು ತಿಳಿಯದೆ ಅತ್ತೆಯೂ ಆಫ್ ಮಾಡಿದರು. ಒಮ್ಮೊಮ್ಮೆ ಚಿತ್ರ ಸರಿಯಾಗುತ್ತಿತ್ತು. ಯಾವುದರಿಂದ ಸರಿಯಾಯಿತೆಂದು ಯಾರಿಗೂ ಗೊತ್ತಿಲ್ಲ. ಎಲ್ಲರೂ ತಮ್ಮಿಂದಲೇ ಎಂದರು.

ಬುಧವಾರ ಕಂಪನಿಯ ರಿಪೇರಿಯವನು ಬಂದ. ಬೀರುವಿನಲ್ಲಿ ಸೀರೆ, ಒಡವೆ. ಹೊರಗಿನವನನ್ನು ಒಳಕೋಣೆಗೆ ಬಿಡುವುದು ಹೇಗೆ? ಅತ್ತೆ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ ತಂದು ಪಡಸಾಲೆಯಲ್ಲಿ ಅವನ ಮುಂದೆ ಇಟ್ಟರು. ಅವನು ವೈರು ಸಿಕ್ಕಿಸಿದ. ಫೋನಿನಲ್ಲಿ ನೋಡಿದ. ಇದ್ದ ಬದ್ದದ್ದೆಲ್ಲ ಓಡಿತು.

"ಚೆನ್ನಾಗಿಯೇ ಇದೆಯಲ್ಲಮ್ಮ."

"ನಿನ್ನ ಕೈಗುಣ ಕಣಪ್ಪ" ಎಂದು ಅತ್ತೆ ಕಾಫಿ ಕೊಟ್ಟರು. ಅವನು ಹೋದ ಮೇಲೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು.

ಗುರುವಾರ ಅವನು ಮತ್ತೆ ಬಂದ. ಮತ್ತೆ ಡಬ್ಬಿ ಹೊರಗೆ ಬಂತು. ಮತ್ತೆ ಎಲ್ಲವೂ ಓಡಿತು. ಅವನು ತಲೆ ಕೆರೆದುಕೊಂಡ. "ಅಮ್ಮಾ, ನಾನಿದ್ದಾಗ ಸರಿ ಇರುತ್ತದೆ. ನಾನು ಹೋದ ಮೇಲೆ ನೀವೇನು ಮಾಡುತ್ತೀರಿ?"

"ನಾವೇನು ಮಾಡುತ್ತೇವೆ! ಪೂಜೆ ಮಾಡುತ್ತೇವೆ" ಎಂದರು ಅತ್ತೆ.

ಅವನು ಕಾಫಿ ಕುಡಿದು ಹೋದ.

ಶುಕ್ರವಾರ ಬೆಳಿಗ್ಗೆ ಅತ್ತೆಗೆ ದೊಡ್ಡ ಸಂಗತಿಯೊಂದು ಹೊಳೆಯಿತು. ಅವರು ಬೀರುವಿನ ಮುಂದೆ ಊದಿನಕಡ್ಡಿ ಹಿಡಿದು ನಿಂತಿದ್ದರು. ಮಗನ ಫೋನಿನಲ್ಲಿ ವಾರ್ತೆ ಸರಾಗವಾಗಿ ಬರುತ್ತಿತ್ತು. ಪೂಜೆ ಮುಗಿಸಿ ಬಾಗಿಲು ಹಾಕಿದರು. ವಾರ್ತೆ ಓದುವವಳು ಬಾಯಿ ತೆರೆದುಕೊಂಡು ನಿಂತಳು. ಅವರು ಮತ್ತೊಂದು ಕಡ್ಡಿ ಹಚ್ಚಿ ಬಾಗಿಲು ತೆಗೆದರು. ಅವಳು ಓದಿದಳು. ಹಾಕಿದರು. ನಿಂತಳು.

"ನೋಡಿದೆಯಾ? ಇದಕ್ಕೆ ಪೂಜೆ ಸಾಲುತ್ತಿಲ್ಲ" ಎಂದರು ಅತ್ತೆ.

ಹೊಲಿಗೆಯವಳು ಡಿಗ್ರಿ ಓದಿದವಳು. ಅವಳಿಗೆ ನಂಬಿಕೆ ಬರಲಿಲ್ಲ. ಆದರೆ ಕಣ್ಣಾರೆ ಕಂಡಿದ್ದಳು. ಭಾನುವಾರಕ್ಕೆ ಎರಡೇ ದಿನ ಉಳಿದಿತ್ತು. ಸಂಜೆ ಆರಕ್ಕೂ ಆರತಿ ಮಾಡುವುದೆಂದು ನಿಶ್ಚಯವಾಯಿತು. ಹೊಲಿಗೆಯವಳು ಬೀರುವಿಗೆ ಬೆನ್ನು ಕೊಟ್ಟು, ಫೋನು ಹಿಡಿದು ನೆಲದ ಮೇಲೆ ಕೂರಬೇಕು. ಅತ್ತೆ ಬೆನ್ನ ಹಿಂದೆ ಕರ್ಪೂರ ಬೆಳಗಬೇಕು.

ಶುಕ್ರವಾರ ಸಂಜೆ ಬಾಗಿಲು ತೆರೆಯಿತು. ತಂಗಿಯ ಮುಖ ನಿಚ್ಚಳವಾಗಿ ಕಂಡಿತು. ಅವಳು ಕೈ ಎತ್ತಿದಳು. ಅಷ್ಟರಲ್ಲಿ ಆರತಿ ಮುಗಿಯಿತು. ಮುಗಿದ ಮೇಲೆ ಬಾಗಿಲು ಹಾಕುವುದು ಪದ್ಧತಿ. ಹಾಕಿದರು. ಕೈ ನಿಂತಿತು. ಶನಿವಾರವೂ ಅಷ್ಟೇ. "ನಾಳೆ ಕರ್ಪೂರ ಜಾಸ್ತಿ ಹಾಕಿ ಅತ್ತೆ" ಎಂದು ಡಿಗ್ರಿ ಓದಿದವಳು ಬೇಡಿಕೊಂಡಳು.

ಅತ್ತ ತಂಗಿಗೆ ಯಾರ ವಿವರಣೆಯೂ ಕೇಳಿಸಿರಲಿಲ್ಲ. ಪ್ಲಾನು, ಪಾಸ್‌ವರ್ಡು, ಕೈಗುಣ, ಪೂಜೆ ಯಾವುದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಅವಳು ನೋಡುತ್ತಿದ್ದಳು ಅಷ್ಟೆ. ಅಕ್ಕನ ಚಿತ್ರ ನಿಂತ ಮೇಲೂ ಫೋನು ಇಡದೆ ಆ ನಿಂತ ಚಿತ್ರವನ್ನೇ ನೋಡುತ್ತಿದ್ದಳು. ಎರಡು ಸಂಜೆಯೂ ಅವಳಿಗೆ ಕೊನೆಗೆ ಕಂಡದ್ದು ಒಂದೇ: ಅಕ್ಕನ ತಲೆಯ ಹಿಂದೆ ಬೀರುವಿನ ಬಾಗಿಲು, ಬಾಗಿಲನ್ನು ಹಾಕುತ್ತಿರುವ ಅತ್ತೆಯ ಕೈ.

ಭಾನುವಾರ ಆ ಮನೆಯವರು ಏಳು ಗಂಟೆಗೆ ಬರುವವರಿದ್ದರು. ಆರಕ್ಕೆ ಬಾಗಿಲು ತೆರೆಯಿತು. ಕರ್ಪೂರ ಹೊತ್ತಿತು. ತಂಗಿ ಕಂಡಳು. ಅವಳು ಗಂಡಿನ ವಿಷಯ ಎತ್ತಲಿಲ್ಲ. ಅಕ್ಕನ ಬೆನ್ನ ಹಿಂದಕ್ಕೆ ಬೆರಳು ತೋರಿಸಿದಳು. ಎರಡು ಅಂಗೈಗಳನ್ನು ಜೋಡಿಸಿ, ಬಿಡಿಸಿ, ತಲೆ ಅಲ್ಲಾಡಿಸಿದಳು. ಬಾಗಿಲು. ಮುಚ್ಚಬೇಡ.

ಹೊಲಿಗೆಯವಳು ತಿರುಗಿ ನೋಡಿದಳು. ಅತ್ತೆಯ ಕೈ ಬಾಗಿಲ ಮೇಲಿತ್ತು.

"ಅತ್ತೆ, ಹಾಗೇ ಬಿಡಿ."

"ತೆರೆದು ಬಿಟ್ಟರೆ ಧೂಳು ಕೂರುತ್ತದಲ್ಲೇ. ಸೀರೆ ಬೇರೆ ಇವೆ."

"ಕೂರಲಿ ಅತ್ತೆ."

ಬಾಗಿಲು ತೆರೆದೇ ಇತ್ತು. ಕರ್ಪೂರ ಉರಿಯಿತು, ಸಣ್ಣದಾಯಿತು, ಆರಿತು. ತಂಗಿಯ ಕೈ ಆಡುತ್ತಲೇ ಇತ್ತು. ಅತ್ತೆ ತಟ್ಟೆಯನ್ನು ನೋಡಿದರು, ಫೋನನ್ನು ನೋಡಿದರು. "ಇದು ಆರಿತು. ಅದು ಆರಲಿಲ್ಲವಲ್ಲ" ಎಂದರು. ತಟ್ಟೆ ಹಿಡಿದುಕೊಂಡೇ ಸೊಸೆಯ ಪಕ್ಕದಲ್ಲಿ ಕೂತರು.

ಆರು ದಿನದಿಂದ ಎದೆಯ ಹತ್ತಿರ ನಿಂತಿದ್ದ ಮಾತು ಆಗ ಮುಂದುವರಿಯಿತು. ಆ ಮನುಷ್ಯನಿಗೆ ಕಿವಿ ಕೇಳುತ್ತದೆ. ಬಾಯಿಯೂ ಇದೆ. ಆದರೂ ತನ್ನ ಕೈಮಾತು ಕಲಿಯುತ್ತಿದ್ದಾನೆ. ಎಲ್ಲ ತಪ್ಪು ತಪ್ಪು. ನಿನ್ನೆ ನೀರು ಬೇಕಾ ಎಂದು ಕೇಳಲು ಹೋಗಿ ಎಮ್ಮೆ ಬೇಕಾ ಎಂದು ಕೇಳಿದ.

"ತಪ್ಪಾದಾಗ ಏನು ಮಾಡುತ್ತಾನೆ?" ಎಂದು ಅಕ್ಕನ ಕೈ ಕೇಳಿತು.

"ನಗುತ್ತಾನೆ. ಮತ್ತೆ ಕೇಳಿ ಕಲಿಯುತ್ತಾನೆ."

"ಹಾಗಾದರೆ ಹೂಂ ಅನ್ನು" ಎಂದಳು ಅಕ್ಕ.

ಅಕ್ಕನವರು ಕತೆ ನಿಲ್ಲಿಸಿ ಕಾಯಿ ಬಿಡಿಸುವುದನ್ನು ಮುಂದುವರಿಸಿದರು.

ಚೆನ್ನವೀರ ಬಿದ್ದು ಬಿದ್ದು ನಗುತ್ತಿದ್ದ. ಅವನ ಮಡಿಲಿನ ಕಾಳುಗಳು ಜಗಲಿಯ ಮೇಲೆಲ್ಲ ಚೆಲ್ಲಿದವು. "ಆಮೇಲೆ ಡಬ್ಬಿ ಎಲ್ಲಿಟ್ಟರು ಅಕ್ಕಾ?"

"ಮೊದಲಿದ್ದ ಹಲಗೆಯ ಮೇಲೆ. ಧೂಳು ಕೂರುತ್ತದೆ. ವಾರಕ್ಕೊಮ್ಮೆ ಒರೆಸುತ್ತಾಳೆ. ಹೊಲಿಯುವಾಗ ಕೈಗೆ ತಗಲುತ್ತದೆ. ಹಾಗೇ ಇದೆ."

"ಎಂಥ ಜನ! ಊರೆಲ್ಲ ಕೇಳಿದರು, ಕಂಪನಿಯವನನ್ನು ಎರಡು ಸಲ ಕರೆಸಿದರು. ಅಷ್ಟು ಬೆಲೆಯುಳ್ಳದ್ದನ್ನು ರೇಷ್ಮೆಯ ಪಕ್ಕದಲ್ಲಿಟ್ಟು, ಪೂಜೆ ಮಾಡಿ, ಬಾಗಿಲು ಹಾಕಿಬಿಟ್ಟರೆ ಅದು ಹೊರಗೆ ಬರುವುದಾದರೂ ಹೇಗೆ? ಅಷ್ಟೂ ತಿಳಿಯಲಿಲ್ಲವಲ್ಲ ಅವರಿಗೆ!"

ಅಡುಗೆಮನೆಯಲ್ಲಿ ಕಾಶಮ್ಮ ಗಂಟು ಕಟ್ಟುತ್ತಿರುವ ಸದ್ದು ಕೇಳಿಸುತ್ತಿತ್ತು. ಅಕ್ಕನವರು ಕೊನೆಯ ಕಾಯಿ ಬಿಡಿಸಿ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು. ಮೊದಲ ಸಲ ತಲೆ ಎತ್ತಿ ಅವನ ಕೊರಳನ್ನು ನೋಡಿದರು.

"ಆ ಬೀಗದ ಕೈ ಯಾವುದರದು ಚೆನ್ನವೀರ?"

ಚೆನ್ನವೀರನ ನಗು ನಿಂತಿತು.