ಆಮೆಯನ್ನು ಕೆಳಗಿಳಿಸಿದ ಅರಸ

ಈ ಕಥೆಯನ್ನು ನನಗೆ ಮೊದಲು ಹೇಳಿದ್ದು ನಮ್ಮ ಹಾಸ್ಟೆಲಿನಲ್ಲಿ ಮುದ್ದೆ ಕಟ್ಟುತ್ತಿದ್ದ ಪುಟ್ಟಲಿಂಗಮ್ಮ. ಸಿಟ್ಟಿನಲ್ಲೇ ಹೇಳುತ್ತಿದ್ದರು. ನಾನೂ ಹಾಗೇ ಹೇಳುತ್ತೇನೆ. ತಣ್ಣಗೆ ಹೇಳುವ ಕಥೆಯಲ್ಲ ಇದು.

ಹೊಂಡದಸೀಮೆ ಅಂತ ಒಂದು ರಾಜ್ಯ. ಅದಕ್ಕೊಬ್ಬ ಅರಸ, ಹೆಸರು ಉಬ್ಬರಸ. ರಾಜ್ಯಕ್ಕೆಲ್ಲ ಇದ್ದದ್ದು ಒಂದೇ ಕೆರೆ. ಕೆರೆಯ ಮೆಟ್ಟಿಲ ಮೇಲೆ ಹಿಂದಿನವರು ಒಂದು ಕಲ್ಲಾಮೆ ಕೂರಿಸಿದ್ದರು. ನೀರಿಳಿದು ಆಮೆಯ ಬೆನ್ನು ಕಂಡಿತೋ, ತೂಬು ಮುಚ್ಚಬೇಕು. ಗದ್ದೆಗೂ ಇಲ್ಲ, ಅರಮನೆಗೂ ಇಲ್ಲ. ಉಳಿದದ್ದು ಮಳೆ ಬರುವವರೆಗೆ ಜನ, ದನ ಕುಡಿಯುವುದಕ್ಕೆ. ತೂಬು ಕಾಯುತ್ತಿದ್ದವಳು ನೀರಗಂಟಿ ಕೆಂಚಮ್ಮ.

ಉಬ್ಬರಸನಿಗೆ ಅಂಗಳದಲ್ಲಿ ದೋಣಿ ಆಡಿಸುವ ಕೊಳ ಬೇಕಾಯಿತು. ಕೆರೆಯ ನೀರು ಬಿಟ್ಟು ಕೊಳ ತುಂಬಿಸಿದರು. ಬಿಸಿಲಿಗೆ ಬತ್ತಿತು. ಮತ್ತೆ ತುಂಬಿಸಿದರು. ಒಂದು ದಿನ ಆಮೆಯ ಬೆನ್ನು ಕಂಡಿತು. ಕೆಂಚಮ್ಮ ತೂಬು ಮುಚ್ಚಿ ಅರಮನೆಗೆ ಹೋಗಿ ಹೇಳಿದಳು.

"ಆಮೆ ಕಂಡದ್ದು ತಾನೇ ತೊಂದರೆ?" ಅಂದ ಅರಸ. "ಅದನ್ನ ಕೆಳಗಿನ ಮೆಟ್ಟಿಲಿಗೆ ಇಳಿಸಿ."

ಆಳುಗಳು ಹಾರೆ ಹಾಕಿ ಇಳಿಸಿದರು. ಆಮೆ ಮುಳುಗಿತು. ತೂಬು ತೆರೆಸಿ ಕೊಳಕ್ಕೆ ನೀರು ಬಿಟ್ಟರು. ಕೆರೆ ತುಂಬಿದೆ ಎಂದು ಡಂಗುರ ಸಾರಿಸಿದರು. ಓದಿಕೊಂಡ ಮಂತ್ರಿಗಳೂ ತಲೆದೂಗಿದರು, ಅದಕ್ಕೇ ತಾನೇ ಅವರಿಗೆ ಸಂಬಳ.

ಗದ್ದೆ ಒಣಗಿತು. ಆಮೆ ಮತ್ತೆ ಬೆನ್ನು ತೋರಿಸಿತು. ಮತ್ತೆ ಇಳಿಸಿದರು, ಮತ್ತೆ ಡಂಗುರ. ನೀರು ಕುಡಿಯಲು ಹೋದ ಎಮ್ಮೆಗಳು ಕೆಸರಲ್ಲಿ ಹೂತುಕೊಂಡವು. ಆಮೆ ಮೂರನೇ ಸಲ ಕಂಡಿತು. ಕೆಳಗೆ ಮೆಟ್ಟಿಲೇ ಉಳಿದಿರಲಿಲ್ಲ. ಅರಸ ಗುಂಡಿ ತೋಡಿಸಿ ಅದರೊಳಗೆ ಹೂಳಿಸಿದ. ಈಗ ಆಮೆ ಕಾಣುವ ಮಾತೇ ಇಲ್ಲ. ಕೆರೆ ಸದಾ ತುಂಬಿದೆ, ಮೀನು ಮಾತ್ರ ಸತ್ತು ನಾರುತ್ತಿವೆ.

ಊರ ಹೆಂಗಸರು ಕೆರೆಯಂಗಳದಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡಗಳಿಗೆ ತುಂಬಿಸಿದರು. ಮಕ್ಕಳಿಗೆ ಇದ್ದದ್ದು ಅಷ್ಟೇ. ಕೊಳವೂ ಬತ್ತಿದ್ದರಿಂದ ಆ ನೀರಿಗೂ ಅರಮನೆಯ ಕಣ್ಣು ಬಿತ್ತು. ಪಕ್ಕದ ಸೀಮೆಯ ಅರಸ ಬರುತ್ತಿದ್ದಾನೆ, ಕೊಡಗಳನ್ನೆಲ್ಲ ಅರಮನೆಗೆ ತನ್ನಿ ಎಂದು ಅಪ್ಪಣೆಯಾಯಿತು. ಆ ಮನೆತನದಲ್ಲೊಂದು ರೂಢಿ. ಅತಿಥಿಗೆ ಬೆಳ್ಳಿ ಚೆಂಬಿನ ಕತ್ತಿನ ಗೆರೆಯವರೆಗೂ ನೀರು ಕೊಡಬೇಕು. ಕಮ್ಮಿಯಾದರೆ ಅವಮಾನ.

ಕೊಡಗಳನ್ನು ಮನೆಗಳಲ್ಲೇ ಬಿಡಿ, ನಾನು ನೋಡಿಕೊಳ್ಳುತ್ತೇನೆ ಎಂದು ಹೆಂಗಸರಿಗೆ ಹೇಳಿ, ಕೆಂಚಮ್ಮ ಒಂದು ಚಿಪ್ಪು ನೀರು ಹಿಡಿದು ಅರಮನೆಗೆ ಬಂದಳು. ಅಕ್ಕಸಾಲಿಯ ಕೈಲಿ ಅರಸರಿಬ್ಬರಿಗೆಂದು ಇಟ್ಟಿದ್ದ ಎರಡೂ ಬೆಳ್ಳಿ ಚೆಂಬುಗಳ ಕತ್ತಿನ ಗೆರೆ ಉಜ್ಜಿಸಿ, ತಳದ ಹತ್ತಿರ ಹೊಸ ಗೆರೆ ಎಳೆಸಿದಳು. ಗೆರೆಯವರೆಗೂ ನೀರು ಹುಯ್ದು ಅರಸರಿಬ್ಬರ ಮುಂದಿಟ್ಟಳು.

ಅತಿಥಿ ಚೆಂಬಿನೊಳಗೆ ಇಣುಕಿ ನೋಡಿದ. ಒಂದು ಗುಟುಕೂ ಇರಲಿಲ್ಲ.

"ಏನೇ ಇದು?" ಅಂದ ಉಬ್ಬರಸ.

"ತುಂಬಿದ ಚೆಂಬು, ಬುದ್ಧಿ. ಗೆರೆ ನೋಡ್ಕಳಿ."

"ಗೆರೆ ಕೆಳಗಿಳಿಸಿದರೆ ನೀರು ಬರ್ತದೇನೇ, ಮುಂಡೇದೆ? ಚೆಂಬು ಖಾಲಿ ಇದೆ."

"ಅದನ್ನೇ ಡಂಗುರ ಹೊಡೆಸಿಬಿಡಿ, ಬುದ್ಧಿ. ನಾನು ಹೇಳಿದ್ರೆ ಯಾರೂ ಕೇಳ್ಲಿಲ್ಲ."

ಅತಿಥಿ ನಗಲಿಲ್ಲ. ಸುಳ್ಳಿನ ಕೆರೆಯ ನೆಂಟಸ್ತನ ತನಗೆ ಬೇಡ ಅಂದು ಎದ್ದು ನಡೆದ. ಕೆಂಚಮ್ಮನಿಗೆ ಹೊಡೆಯಲು ಅರಸನ ಕೈ ಏಳಲಿಲ್ಲ. ಹೊಡೆದರೂ, ಕೊಡ ಕಸಿದರೂ ಗೆರೆ ಸುಳ್ಳೆಂದು ಒಪ್ಪಬೇಕು, ಬಿಟ್ಟರೆ ಆ ಗೆರೆಯಷ್ಟೇ ನೀರಿನಲ್ಲಿ ಬಾಯಾರಿಕೆಯಿಂದ ಸಾಯಬೇಕು. ಮೂರು ದಿನ ಬಿಗಿದುಕೊಂಡಿದ್ದ. ನಾಲಿಗೆ ಅಂಗುಳಕ್ಕೆ ಅಂಟಿದಾಗ ಬಾಯಿ ಬಿಟ್ಟ: ಕೆರೆಯಲ್ಲಿ ನೀರಿಲ್ಲ.

ಆಗ ಹೆಂಗಸರು ಒಂದು ಬೊಗಸೆ ಕೊಟ್ಟರು. ಪುಕ್ಕಟೆಯಲ್ಲ. ಕೊಳ ಮುಚ್ಚಿಸಿದರು, ಆಮೆಯನ್ನು ಅರಸನ ಹೆಗಲ ಮೇಲೇ ಹೊರಿಸಿ ಹಳೆಯ ಮೆಟ್ಟಿಲಿಗೆ ಹತ್ತಿಸಿದರು. ಮಳೆ ಬಂದು ಕೆರೆ ತುಂಬಿತು. ಸತ್ತ ಎಮ್ಮೆಗಳೇನೂ ಎದ್ದು ಬರಲಿಲ್ಲ.

ನೀತಿ ಇಷ್ಟೇ: ಮಿತಿಯ ಗುರುತು ಅಳಿಸಬಹುದು, ಮಿತಿ ಅಳಿಯುವುದಿಲ್ಲ.

ಕೇಳಿದಿರಲ್ಲ, ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರ ಕಿವಿಗೆ ಹಾಕಿ. ಹಾರೆ ಹಿಡಿದು ಕೆರೆಯ ಕಡೆ ಹೊರಟವರು ಯಾರಾದರೂ ಸಿಕ್ಕರೆ, ದಾರಿಗೆ ಅಡ್ಡ ನಿಂತು ಮೊದಲು ಅವರಿಗೇ ಹೇಳಿ.