ಏನೂ ಸಿಗದ ಗುಡ್ಡ

“ಮೇಷ್ಟ್ರೇ, ಹನ್ನೊಂದು ದಿನ ಅಗೆದೆವು. ಮಡಕೆಯ ಒಂದು ಚೂರೂ ಸಿಗಲಿಲ್ಲ. ಹಿಂದಿನ ಕಾಲದವರಿಗೂ ಈ ಜಾಗಕ್ಕೂ ಸಂಬಂಧವಿರಲಿಲ್ಲ ಎಂದು ಬರೆದುಬಿಡಲೇ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಮೇಷ್ಟ್ರು ಅಗೆದ ಗುಂಡಿಯ ಅಂಚಿನಲ್ಲಿ ಕುಳಿತರು. ವರ್ಷಕ್ಕೊಬ್ಬ ಶಿಷ್ಯ ಇದನ್ನೇ ಕೇಳುತ್ತಿದ್ದ. ಅವರಿಗೆ ಸಾಕಾಗಿತ್ತು.

“ಬರೆಯುವುದು ಸುಲಭ ಕಣಯ್ಯಾ. ಮೊದಲು ಇದನ್ನು ಕೇಳು,” ಎಂದರು.

ಒಬ್ಬ ವಿದ್ವಾಂಸನಿದ್ದ. ನೆಲ ಅಗೆದು ಹಿಂದಿನವರ ಬದುಕನ್ನು ತಿಳಿಯುವುದು ಅವನ ಕಸುಬು. ಒಂದೂರಿನ ಗುಡ್ಡವನ್ನು ಕಲ್ಲುಗಣಿಗೆ ಕೊಡುವ ಮಾತು ನಡೆದಿತ್ತು. ಗುಡ್ಡದ ಮೇಲೆಯೇ ಹಿಂದಿನವರ ಕುರುಹು ಸಿಕ್ಕರೆ ಅದು ಉಳಿಯುತ್ತದೆ, ಸಿಗದಿದ್ದರೆ ಹೋಗುತ್ತದೆ. ನೋಡಿ ಹೇಳು ಎಂದು ಇವನನ್ನು ಕಳಿಸಿದರು.

ಗುಡ್ಡದ ಕೆಳಗಿನ ಬಯಲಿನಲ್ಲಿ ಹಳೆಯ ಕಲ್ಲುಗೋರಿಗಳಿದ್ದವು. ಅಲ್ಲಿ ಅಗೆದ. ಮಡಕೆ, ಎಲುಬು ಬೇಕಾದಷ್ಟು ಸಿಕ್ಕವು. ಗುಡ್ಡದ ಮೇಲೆ ಅಗೆದ. ಬರೀ ಮಣ್ಣು.

ಕುರಿಗಳನ್ನು ಗುಡ್ಡದ ಬುಡದಲ್ಲೇ ಬಿಟ್ಟು ಮೇಲೆ ಬಂದ ಮುದುಕಿಯೊಬ್ಬಳು, “ಏನ್ ಹುಡುಕಾಕತ್ತೀರಿ ಯಪ್ಪಾ?” ಎಂದಳು.

“ಹಿಂದಿನವರು ಬಿಟ್ಟುಹೋದದ್ದು, ಅಜ್ಜಿ. ಇಲ್ಲಿ ಏನೂ ಇಲ್ಲ.”

“ಅಯ್ಯ, ಇಲ್ಲಿ ಹ್ಯಾಂಗ ಇರತೈತಿ? ನಿಮ್ಮ ಮನಿ ದೇವರ ಜಗಲಿ ಮ್ಯಾಲ ಎಲುಬು, ಒಡಕ ಗಡಿಗಿ ಒಗೀತೀರೇನು? ಈ ಗುಡ್ಡದ ಮ್ಯಾಲ ನಾವು ಉಗುಳು ಬಂದ್ರೂ ನುಂಗತೀವಿ. ಇದನ್ನ ಒಡೀಬ್ಯಾಡ್ರಿ ಅಂತ ಬರೀರಿ ಯಪ್ಪಾ, ನಿಮ್ಮ ಕಾಲಿಗೆ ಬೀಳತೀನಿ.”

ವಿದ್ವಾಂಸ ದಣಿದಿದ್ದ. ಮುದುಕಿ ನುಂಗಿದ ಉಗುಳನ್ನು ಯಾವ ಪಟ್ಟಿಯಲ್ಲಿ ಬರೆಯುವುದು ಎಂದು ಅವನಿಗೆ ನಗು ಬಂತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಈ ಪುಣ್ಯಾತ್ಮ ಪ್ರಮಾಣ ಸಿಗಲಿಲ್ಲವೆಂದು ಪ್ರತ್ಯಕ್ಷವನ್ನೇ ಬಿಟ್ಟ. ‘ಕುರುಹು ಇಲ್ಲ’ ಎಂದು ಬರೆದು ಸಹಿ ಹಾಕಿದ.

ಮೂರು ವರ್ಷ ಬಿಟ್ಟು ಗೋರಿಗಳನ್ನು ನೋಡಲು ಮತ್ತೆ ಬಂದ. ಗುಡ್ಡ ಇರಲಿಲ್ಲ. ಜಲ್ಲಿಯಾಗಿ ಊರಿನ ರಸ್ತೆಗೆ ಬಿದ್ದಿತ್ತು. ಪ್ರತಿ ಗೋರಿಗೂ ಒಂದು ಕಿಂಡಿ. ಹಿಂದೆ ಅವುಗಳ ಅಗಲ ಅಳೆದಿದ್ದನೇ ಹೊರತು ಒಳಗಿನಿಂದ ಹೊರಗೆ ಇಣುಕಿರಲಿಲ್ಲ. ಈಗ ಒಂದರೊಳಗೆ ತೂರಿ ಕುಳಿತು ನೋಡಿದ. ಗುಡ್ಡವಿದ್ದ ಜಾಗ ನೇರ ಎದುರಿಗಿತ್ತು. ಇನ್ನೊಂದರಲ್ಲೂ ಅಷ್ಟೇ. ನಲವತ್ತು ಗೋರಿಗಳು, ನಲವತ್ತೂ ಅದೇ ದಿಕ್ಕಿಗೆ. ಸತ್ತವರನ್ನೆಲ್ಲ ಆ ಗುಡ್ಡ ಕಾಣುವ ಹಾಗೆ ಮಲಗಿಸಿದ್ದರು. ಅವನು ಒಳಗೇ ಕುಳಿತು ಅತ್ತುಬಿಟ್ಟ.

ಮೇಷ್ಟ್ರು ಕತೆ ನಿಲ್ಲಿಸಿದರು.

“ಆ ಅಜ್ಜಿ ಏನಾದಳು?” ಎಂದ ಚೆನ್ನವೀರ.

“ಇದ್ದಾಳೆ ಕಣಯ್ಯಾ, ಆ ರಸ್ತೆ ಬಂದರೆ ಸಾಕು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೇ ನಡೆಯುತ್ತಾಳೆ.”